ಚಪ್ಪಲಿ ಬಿಚ್ಚದೆ ಉಂಡವಳು

ಬುಸೈತೀನ್, ಬಹರೈನ್
13-4-1993

ಪ್ರೀತಿಯ ಉಷಾಲತಾ,

ನಿನ್ನ ಪತ್ರ ಸಿಕ್ಕಿತು. ಪಾಸ್ಕ, ಈಸ್ಟರ್ ಎರಡೂ ಒಂದೆಯಾ ಮಾರಾಯ್ತಿ ಎಂದು ಕೇಳಿದ್ದೀ. ಬೇರೆ ವರ್ಷವಾದರೆ ಚಂದ ಮಾಡಿ ಬರೆಯುತ್ತಿದ್ದೆ. ಈ ಸಲ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ. ಮೆಟ್ಟಿಲಲ್ಲಿ ಸದ್ದಾದರೂ ಎದ್ದು ಬಾಗಿಲಿಗೆ ಕಿವಿ ಕೊಡುತ್ತೇನೆ.

ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ ಮಧ್ಯಾಹ್ನ ಜೂಲಿಯಾನಾ ಎಂಬ ಹುಡುಗಿ ನಮ್ಮ ಬಾಗಿಲು ಬಡಿದಳು. ಶಿರ್ವದ ಕಡೆಯವಳು, ಇಲ್ಲಿ ಒಂದು ಮನೆಯಲ್ಲಿ ಕೆಲಸಕ್ಕಿದ್ದಳು. ಮೊದಲೆಲ್ಲ ನಮ್ಮ ಇಗರ್ಜಿಗೆ, ಶುಕ್ರವಾರದ ಪೂಜೆಗೆ ಬರುತ್ತಿದ್ದಳು. ಆಮೇಲೆ ಆ ಮನೆಯವರು ಹೊರಗೆ ಬಿಡುವುದನ್ನೇ ನಿಲ್ಲಿಸಿದ್ದರು. ಪಾಸ್‌ಪೋರ್ಟ್ ಅವರ ಹತ್ತಿರ. ಮೊಣಕೈ ಕೆಳಗೆ ಇಸ್ತ್ರಿಪೆಟ್ಟಿಯ ಸುಟ್ಟ ಗಾಯ. ಅನ್ನ ಬಡಿಸಿದರೆ ಕೂರಲಿಲ್ಲ. ಚಪ್ಪಲಿ ಬಿಚ್ಚದೆ, ಬಾಗಿಲ ಕಡೆ ನೋಡುತ್ತಾ ನಿಂತೇ ತಿಂದಳು.

ನಮ್ಮವರು, ಸಿಲ್ವೆಸ್ಟರ್, ಮೀನಾ ಸಲ್ಮಾನ್ ಬಂದರಿನ ಗೋದಾಮಿನಿಂದ ಬಂದವರು ಅವಳನ್ನು ನೋಡಿ ಬಿಳಚಿಹೋದರು. ಆ ಮನೆಯವರು ಇವರ ಅರ್ಬಾಬ್‌ನ, ಅಂದರೆ ಧಣಿಯ, ಸಂಬಂಧಿಕರು. "ನಮ್ಮ ವೀಸಾ ಹೋದರೆ ಏನು ಮಾಡುವುದು ಫೆಲ್ಸಿ? ಬೆಳಿಗ್ಗೆಯೇ ಬೇರೆಲ್ಲಿಗಾದರೂ ಕಳಿಸು" ಅಂದರು. ನನ್ನ ಮನಸ್ಸಿನಲ್ಲೂ ಅದೇ ಇತ್ತು.

ಅವಳನ್ನು ಮನೆಯಲ್ಲೇ ಬಿಟ್ಟು ಸಂಜೆ ಇಗರ್ಜಿಗೆ ಹೋದೆವು. ಅಲ್ಲಿ ಓದಿದ್ದು ನೀನು ಕೇಳಿದ ವಿಷಯವೇ. ಈಜಿಪ್ಟಿನಲ್ಲಿ ದಾಸರಾಗಿದ್ದ ಯೆಹೂದ್ಯರು ಹೊರಡುವ ರಾತ್ರಿ ಬಾಗಿಲಿಗೆ ಕುರಿಮರಿಯ ರಕ್ತ ಹಚ್ಚಿದರು. ಈಜಿಪ್ಟಿನವರ ಚೊಚ್ಚಲ ಮಕ್ಕಳನ್ನು ಕೊಂದ ಸಾವು ಆ ಮನೆಗಳನ್ನು ದಾಟಿಹೋಯಿತು. ನಡು ಕಟ್ಟಿ, ಚಪ್ಪಲಿ ಮೆಟ್ಟಿ, ಅವಸರದಲ್ಲಿ ಉಂಡರು. ಅದು ಪಾಸ್ಕ, ಅಂದರೆ ದಾಟುವಿಕೆ. ಯೇಸುಸ್ವಾಮಿ ಶಿಷ್ಯರ ಜೊತೆ ಕೊನೆಯ ಸಲ ಕೂತದ್ದೂ ಅದರ ನೆನಪಿನ ಊಟಕ್ಕೇ. ತಮ್ಮನ್ನೇ ಕೊಡುವಂತೆ ರೊಟ್ಟಿ ಮುರಿದು ಕೊಟ್ಟರು, ಮರುದಿನ ಶಿಲುಬೆಯಲ್ಲಿ ಸತ್ತರು, ಮೂರನೆಯ ದಿನ ಎದ್ದರು. ಈಸ್ಟರ್ ಅಂದರೆ ಆ ದಾಟುವಿಕೆಯೇ, ಈ ಸಲ ಸಾವಿನಿಂದ. ನಮ್ಮ ಪ್ರತಿ ಪೂಜೆಯೂ ಆ ಊಟವೇ. ಸಣ್ಣಂದಿನಿಂದ ಕೇಳಿದ್ದು. ಆದರೆ ಚಪ್ಪಲಿಯ ಮಾತು ಬಂದಾಗ ಸಿಲ್ವೆಸ್ಟರ್ ನನ್ನ ಮುಖ ನೋಡಿದರು.

ಹಿಂತಿರುಗಿದರೆ ನಮ್ಮ ಬಾಗಿಲು ತೆರೆದಿತ್ತು! ಕೆಳಗಿರುವ ಮನೆ ಮಾಲೀಕ ಇಬ್ರಾಹಿಂ ಹೊಸ್ತಿಲಲ್ಲಿ ನಿಂತಿದ್ದರು. ಅಳು ಕೇಳಿ ಮೇಲೆ ಬಂದಿದ್ದರಂತೆ. ಯಾರಿವಳು, ನಿಮ್ಮವಳಾ ಎಂದು ಹಿಂದಿಯಲ್ಲಿ ಕೇಳಿದರು. ಸಿಲ್ವೆಸ್ಟರ್, "ಹೌದು, ನಮ್ಮ ಹುಡುಗಿ" ಅಂದರು. ಓಡಿಬಂದ ಮನೆ ಯಾವುದೆಂದೂ ಹೇಳಿಬಿಟ್ಟರು.

ಇಬ್ರಾಹಿಂ ಗಾಯ ನೋಡಿ ಅರಬಿಯಲ್ಲಿ ಏನೋ ಗೊಣಗಿದರು. ಶನಿವಾರ ತಾವೇ ಆ ಮನೆಗೆ ಹೋಗಿ ಪಾಸ್‌ಪೋರ್ಟ್ ತಂದರು. ಹೇಗೆ ಬಿಡಿಸಿದರೋ, ಹೇಳಲಿಲ್ಲ. ಇವತ್ತು ಸಂಜೆಯ ವಿಮಾನಕ್ಕೆ ಅವಳ ಟಿಕೆಟ್ ಆಗಿದೆ.

ಆದರೆ ಅರ್ಬಾಬ್‌ಗೆ ಸುದ್ದಿ ಮುಟ್ಟಿದೆ. ಸಿಲ್ವೆಸ್ಟರ್‌ಗೆ ನಾಳೆ ಬುಧವಾರ ಬಂದು ಕಾಣು ಅಂದಿದ್ದಾನಂತೆ. ಶನಿವಾರ ರಾತ್ರಿಯ ಈಸ್ಟರ್ ಜಾಗರಣೆಯಲ್ಲಿ ನಾನು ಬಾಗಿಲ ಕಡೆಯೇ ನೋಡುತ್ತಿದ್ದು, ಕೈಯ ಮೇಣದಬತ್ತಿಯ ಮೇಣ ಸೀರೆಗೆಲ್ಲ ಬಿತ್ತು. ಇವರು ಮಾತ್ರ ಎಷ್ಟೋ ವರ್ಷಗಳ ಮೇಲೆ ಗಟ್ಟಿಯಾಗಿ ಹಾಡಿದರು.

ನಿನ್ನ,
ಫೆಲ್ಸಿ

ತಾ.ಕ.: ಲಕೋಟೆಗೆ ಅಂಚೆಚೀಟಿ ಇಲ್ಲದ್ದು ನೋಡಿರಬೇಕು. ಇದನ್ನು ನಿನ್ನ ಕೈಗೆ ಕೊಟ್ಟು ಜಗಲಿಯಲ್ಲಿ ನಿಂತವಳೇ ಜೂಲಿಯಾನಾ. ಅವಳನ್ನು ಇಲ್ಲಿಗೆ ಕಳಿಸಿದ್ದು ಸ್ವಂತ ಚಿಕ್ಕಪ್ಪ. ಅವನ ಮನೆಗೆ ಮರಳಿ ಹೋಗುವುದಿಲ್ಲ ಅನ್ನುತ್ತಾಳೆ. ನಿನ್ನನ್ನು ಕೇಳದೆ ಕಳಿಸಿದ್ದೇನೆ, ಬೈಯಬೇಡ. ಒಳಗೆ ಕರಿ.