ಕೆಂಪು ಚುಕ್ಕೆ

ಜೂನ್ 14, ಶುಕ್ರವಾರ

ಆ ಚುಕ್ಕೆ ಕಣ್ಣಿಂದ ಹೋಗುತ್ತಿಲ್ಲ. ಕಿತ್ತ ಹಳೇ ಭಾಗಗಳು ಹೊಸದರೊಂದಿಗೆ ಬೆರೆಯದಿರಲೆಂದು ಅವಕ್ಕೆ ಕೆಂಪು ಬಣ್ಣದ ಚುಕ್ಕೆ ಇಡುವುದು ನನ್ನ ರೂಢಿ. ಕಳೆದ ವರ್ಷ ನಮ್ಮ ಅಂಗಡಿಯಲ್ಲಿ ನಾನು ರಿಪೇರಿ ಮಾಡಿದ, ಟಿವಿ ಡಿಶ್ ತಿರುಗಿಸುವ ಮೋಟಾರು ಎರಡೇ ದಿನಕ್ಕೆ ಕೈಕೊಟ್ಟು ವಾಪಸ್ ಬಂದಿತ್ತು. "ನಿನ್ನ ಕೈ ನಡುಗುತ್ತೆ ಕಣೋ, ಸುಮ್ನೆ ಕೌಂಟರಲ್ಲಿ ಕೂತ್ಕೋ" ಎಂದಿದ್ದ ಅಣ್ಣ. ಕೂತೆ, ನಂಬಿಯೂ ಬಿಟ್ಟೆ.

ಮೂಲೆಯಲ್ಲೇ ಬಿದ್ದಿದ್ದ ಆ ಮೋಟಾರನ್ನು ಇಂದು ಅವನಿಲ್ಲದಾಗ ಬಿಚ್ಚಿದೆ. ಒಳಗೆ ನಾನು ಹಾಕಿದ್ದ ಹೊಸದರ ಜಾಗದಲ್ಲಿ, ನಾನು ಕಿತ್ತಿದ್ದ ಅದೇ ಕೆಟ್ಟ ಕೆಪಾಸಿಟರ್, ಕೆಂಪು ಚುಕ್ಕೆ ಸಮೇತ. ಅಂದು ನನ್ನ ನಂತರ ಅದನ್ನು ಮುಟ್ಟಿದವನು ಅಣ್ಣನೊಬ್ಬನೇ. ಹೊಸದನ್ನು ಬೆಸೆದು ಮಹಡಿಯ ಡಿಶ್‌ಗೆ ಜೋಡಿಸಿದೆ. ತಿರುಗಿ, ನಿಲ್ಲಬೇಕಾದಲ್ಲೇ ನಿಂತಿತು.

ಊಟಕ್ಕೆ ಕೂತಾಗ ಅಣ್ಣ ಕೇಳಿದ, "ಆ ಮೋಟಾರು ಯಾರೋ ಮಾಡಿದ್ದು?"

"ನಡುಗೋ ಕೈನೋನು" ಎಂದೆ.

ಅವನು ಅರ್ಧ ಊಟಕ್ಕೇ ತಟ್ಟೆ ಎತ್ತಿಕೊಂಡು ಎದ್ದ. ಬೆಸೆಯುವಾಗ ಕೈ ನಡುಗಿರಲಿಲ್ಲ. ಈಗ ಬರೆಯುವಾಗ ಮಾತ್ರ ಅಕ್ಷರಗಳು ಸೊಟ್ಟಗಾಗುತ್ತಿವೆ.