ಅರವತ್ತೆರಡು ಡಿಗ್ರಿ ಜ್ವರ

ಮಾರ್ಚ್ ೧೪, ಭಾನುವಾರ

ದಾದಿಯರ ಮಹಾರಾಣಿ, ಸೂಜಿ ಚುಚ್ಚುವುದರಲ್ಲಿ ನಿಸ್ಸೀಮಳಾದ ನನ್ನ ಅಕ್ಕನ ಪಾದಗಳಿಗೆ,

ಅಡ್ಡಬಿದ್ದೆ. ನಿನ್ನ ಮೂರು ಕಾಗದಗಳಿಗೂ ಉತ್ತರ ಬರೆಯದ ಮಹಾಪರಾಧಕ್ಕೆ ಕಿವಿ ಹಿಡಿದು ಹನ್ನೊಂದು ಬಸ್ಕಿ ಹೊಡೆದಿದ್ದೇನೆ. ಹನ್ನೆರಡನೆಯದಕ್ಕೆ ಮಂಡಿ ಒಪ್ಪಲಿಲ್ಲ, ಕ್ಷಮಿಸತಕ್ಕದ್ದು.

ಅಪ್ಪ ಚೆನ್ನಾಗಿದ್ದಾರೆ ಎಂದು ಬರೆಯಲು ಕೂತೆ, ಪೆನ್ನು ಮುಂದೆ ಹೋಗಲಿಲ್ಲ. ಗೊಬ್ಬರದ ಸಮಾಚಾರದಿಂದಲೇ ಶುರುಮಾಡುತ್ತೇನೆ.

ನಮ್ಮ ಓಣಿಯ ಹಿಂದೆ ಇಟ್ಟಿಗೆ ಭಟ್ಟಿಯವರು ಮೇಲ್ಮಣ್ಣನ್ನೆಲ್ಲ ಕೆತ್ತಿಕೊಂಡು ಬಿಟ್ಟ ಜಾಗ ಗೊತ್ತಲ್ಲ? ಹಾರೆ ಹಾಕಿದರೆ ಹಾರೆಯೇ ಅಳುವ ನೆಲ. ಅಲ್ಲಿ ಹುಟ್ಟುವುದು ಪಾರ್ಥೇನಿಯಂ ಒಂದೇ. ಆ ಕಳೆಯನ್ನೇ ಕೊಳೆಸಿ ಆ ನೆಲಕ್ಕೇ ಉಣಿಸಿ ತರಕಾರಿ ಬೆಳೆಯೋಣ ಎಂದು ಅಪ್ಪ ನೆರೆಯ ನಾಲ್ಕು ಮನೆಯವರನ್ನು ಹುರಿದುಂಬಿಸಿದರು. ಭಟ್ಟಿ ಯಜಮಾನ ನಕ್ಕು, "ಬೇಸಿಗೆ ಶುರುವಾಗೋದ್ರೊಳಗೆ ಏನಾದ್ರೂ ಬೆಳೆದ್ರೆ ನೀವೇ ಇಟ್ಕೊಳ್ಳಿ ಮೇಷ್ಟ್ರೇ. ಇಲ್ಲಾಂದ್ರೆ ಇನ್ನೂ ಎರಡಾಳುದ್ದ ಮಣ್ಣು ತೆಗೀತೀನಿ" ಅಂದಿದ್ದ.

ಕಳೆ ಕೀಳುವಷ್ಟರಲ್ಲಿ ಹೂಬಿಟ್ಟು ಬೀಜ ಕಟ್ಟಿತ್ತು. "ಪರವಾಗಿಲ್ಲ, ರಾಶಿ ಮೂರು ದಿನ ಅರವತ್ತು ಡಿಗ್ರಿ ಕಾದ್ರೆ ಬೀಜ ಬೆಂದುಹೋಗುತ್ತೆ" ಎಂದರು ವಿಜ್ಞಾನದ ನಿವೃತ್ತ ಮೇಷ್ಟ್ರಾದ ನಮ್ಮ ಅಪ್ಪ. ಆದರೆ ಆ ಗಿಡ ಸೋಕಿದರೆ ಅವರಿಗೆ ಮೈಯೆಲ್ಲ ದದ್ದು, ಉಬ್ಬಸ. ಹತ್ತಿರ ಸುಳಿಯಬೇಡಿ ಎಂದು ಡಾಕ್ಟರ ಕಟ್ಟಪ್ಪಣೆ. ಹೀಗಾಗಿ ದಿನಾ ಬೆಳಗ್ಗೆ ಮೊಳದುದ್ದದ ಥರ್ಮಾಮೀಟರನ್ನು ರಾಶಿಗೆ ಚುಚ್ಚಿ, ಅಂಕಿಯನ್ನು ಅಡುಗೆಮನೆಯ ಸ್ಲೇಟಿನ ಮೇಲೆ ಬರೆಯುವ ರಾಜವೈದ್ಯೆಯ ಪದವಿ ನನಗೆ ಪ್ರಾಪ್ತವಾಯಿತು.

ಸ್ಲೇಟಿನಲ್ಲಿ ಮೂರು ದಿನ ಅರವತ್ತೆರಡು ಕಂಡಿತು. ಗೊಬ್ಬರ ಮಾಗಿದ ಮೇಲೆ ಹರಡಿ ಇಪ್ಪತ್ತು ದಿನಕ್ಕೆ ಐದೂ ಮನೆಯವರ ಪಾತಿಗಳಲ್ಲಿ ಹಸಿರೋ ಹಸಿರು. ಬದನೆಯಲ್ಲ, ಬೆಂಡೆಯಲ್ಲ, ಪಾರ್ಥೇನಿಯಂ! ಪಕ್ಕದ ಮನೆಯ ಗಾರೆ ಕೆಲಸದವನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಬಾಗಿಲಿಗೆ ಬಂದಳು. "ಏನ್ ಮೇಷ್ಟ್ರೇ, ಗೊಬ್ಬರ ಕೊಡ್ತೀನಿ ಅಂತ ಬಿತ್ತನೆ ಬೀಜ ಕೊಟ್ರಲ್ಲ! ನಮ್ ಮಗು ಮೈ ಕೆರ್ಕೊಂಡು ಕೆರ್ಕೊಂಡು ರಕ್ತ ಬಂದಿದೆ, ಬಂದು ನೋಡಿ."

ಆಮೇಲೆ ಅಪ್ಪ ನನಗೆ ಹೇಳಿದರು, "ಅರವತ್ತೆರಡರಲ್ಲೂ ಸಾಯದ ಬೀಜ ಅಂದ್ರೆ, ಮೂವತ್ತು ವರ್ಷ ನಾನು ಮಕ್ಕಳಿಗೆ ಕಲಿಸಿದ್ದೇ ಸುಳ್ಳು ಕಣೇ." ಗೊಬ್ಬರ ಮಾಡುವುದನ್ನು ಕಲಿಯಲೆಂದು ಪಕ್ಕದೂರಿನಿಂದ ಇಬ್ಬರು ಬಂದಿದ್ದರು. ಅವರನ್ನು ಹೊಸಿಲಿನಾಚೆಯೇ ನಿಲ್ಲಿಸಿ, "ನಂಗೆ ಬರಲ್ಲ, ಹೋಗಿ" ಎಂದು ಕಳಿಸಿದರು. ನಾಳೆ ಮಣ್ಣು ತೆಗೆಯಲು ಭಟ್ಟಿಯ ಯಂತ್ರ ಬರುತ್ತದೆ.

ನಿನ್ನ ವಾರ್ಡಿನ ರೋಗಿಗಳಿಗೆ ಆಯುಷ್ಯವೂ ನಿನಗೆ ನಿದ್ದೆಯೂ ಸಿಗಲಿ ಎಂದು, ಆರು ವರ್ಷ ಚಿಕ್ಕವಳಾದರೂ ಹರಸುವ ಹಕ್ಕನ್ನು ಕಿತ್ತುಕೊಂಡು ಹರಸುತ್ತಿರುವ,

ನಿನ್ನ ಕೋತಿ

ತಾ.ಕ.: ಸ್ಲೇಟಿನ ಅಂಕಿ ನಾನು ಕಟ್ಟಿ ಬರೆದದ್ದು, ಅಕ್ಕ. ರಾಶಿ ನಲವತ್ತು ದಾಟಲೇ ಇಲ್ಲ. ಮೂರು ದಿನ ನಿಜವನ್ನೇ ಬರೆದೆ. ಸ್ಲೇಟು ನೋಡಿದ ಮೇಲೆ ಅಪ್ಪನಿಗೆ ಊಟ ಸೇರುತ್ತಿರಲಿಲ್ಲ. ನಾಲ್ಕನೆಯ ದಿನ, "ಮಹಾಪ್ರಭು ರಾಶಿಯವರಿಗೆ ಅರವತ್ತೆರಡು ಡಿಗ್ರಿ ಜ್ವರ. ಪ್ರಜೆಗಳು ಸಂತೋಷಪಡತಕ್ಕದ್ದು" ಎಂದು ಬರೆದುಬಿಟ್ಟೆ. ಅಪ್ಪ ನಕ್ಕರು. ಅಮ್ಮ ಹೋದಮೇಲೆ ಆ ನಗು ನಾನು ಕೇಳಿರಲಿಲ್ಲ. ಇನ್ನೆರಡು ದಿನವೂ ಜ್ವರ ಇಳಿಯಗೊಡಲಿಲ್ಲ.

ನಿನ್ನೆ ಎಲ್ಲ ಹೇಳಿದೆ, ಬಿಕ್ಕಿ ಬಿಕ್ಕಿ ಅಳುತ್ತ. ಅಪ್ಪ ನನ್ನ ತಲೆ ಸವರಿ, "ನನ್ನ ತಪ್ಪನ್ನ ನಿನ್ ಮೇಲೆ ಹಾಕ್ಕೊಂಡು ನನ್ನ ಉಳಿಸೋಕೆ ನೋಡ್ತಿದ್ದೀಯ. ನಿನ್ ನಾಟಕ ನಂಗೊತ್ತಿಲ್ವೇನೇ? ಹೋಗು, ಮುಖ ತೊಳ್ಕೋ" ಎಂದರು. ಬಚ್ಚಲಿನ ತನಕ ಹೋಗಿದ್ದೆ, ಹಿಂದಿನಿಂದ ಕೂಗಿ ಹೇಳಿದರು: "ಅಳೋದನ್ನ ಮಾತ್ರ ಈ ಸಲ ಬಹಳ ಚೆನ್ನಾಗಿ ಮಾಡಿದೆ ಕಣೇ."