ಉಪ್ಪುನೀರು ಕುಡಿದ ಸಸಿ

ಅಪ್ಪಾ,

ಇವತ್ತು ಕಂಪನಿಯ ಗಾಜಿನ ಮನೆಯಲ್ಲಿ ಉಪ್ಪುನೀರು ಕುಡಿದ ಭತ್ತದ ಸಸಿಗಳೆಲ್ಲ ಸತ್ತು, ಒಂದು ಟ್ರೇ ಮಾತ್ರ ಹಸಿರಾಗಿ ನಿಂತಿತ್ತು. ಕಾಡುಭತ್ತದಿಂದ ಅದಕ್ಕೆ ಸೇರಿಸಿದ ಜೀನ್ ಉಪ್ಪನ್ನು ಜೀವಕೋಶದ ಒಳಚೀಲದಲ್ಲಿ ಕೂಡಿಹಾಕುತ್ತದೆ. ಕಡಲು ನುಗ್ಗಿದ ನಮ್ಮ ಗದ್ದೆಗಾಗಿ ನೀನು ಸಾಯುವವರೆಗೂ ಹುಡುಕಿದ್ದು ಇಂಥದ್ದನ್ನೇ.

"ಪರೀಕ್ಷೆ ಮುಗೀತಲ್ಲ, ಎಲ್ಲಾ ಸುಟ್ಟುಬಿಡು," ಎಂದರು ಮೇಲ್ವಿಚಾರಕಿ.

"ಬದುಕಿರೋದನ್ನೂನಾ, ಮೇಡಂ?"

"ಕರಪತ್ರ ಓದಿದ್ದು ಸಾಕು, ನಿಯಮ ಓದಪ್ಪ. ನಮ್ಮ ಗಿಡ ಗೇಟು ದಾಟಲ್ಲ."

ಬೀಜ ಜನರದ್ದು ಎಂದು ಕರಪತ್ರ ಹಂಚಿ ಬೀದಿಯಲ್ಲಿ ಗಂಟಲು ಹರಿದುಕೊಂಡವನು ನಾನು. ಕೆಲಸ ಬಿಡೋಣವೆಂದರೆ ಈ ಸಸಿ ಹುಟ್ಟುವುದು ಇಲ್ಲಿಯೇ. ಇದ್ದರೆ ಸುಡುವವನೂ ನಾನೇ. ಹಸಿ ಗಿಡ, ಬೇಗ ಹೊತ್ತಿಕೊಳ್ಳಲಿಲ್ಲ.

"ಏನೋ ಇದು, ಮೈಯೆಲ್ಲ ಹೊಗೆ ವಾಸನೆ?" ಎಂದಳು ಅಮ್ಮ.

"ಕಸ ಸುಟ್ಟೆ ಕಣಮ್ಮ," ಎಂದೆ.